ಕೂಸಿನ ತಲೆ ಹಿಡಿಯುವ ಕೆಲಸ

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಒಂದು ಚಳಿಗಾಲ. ನಾನು ನಂಜನಗೂಡಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಗುತ್ತಿಗೆ ಆಯಾ ಆಗಿದ್ದೆ. ಓದಿದ್ದು ಏಳನೇ ಕ್ಲಾಸು. ಆ ವರ್ಷ ಕೆಮ್ಮು, ಉಬ್ಬಸ ಅಂತ ಬರುವ ಎಳೆ ಕೂಸುಗಳ ಮೂಗಿನಿಂದ ಸ್ವಾಬ್ ತೆಗೆದು, ಅದರಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಕೆಲಸ ಒಂದು ಅಧ್ಯಯನಕ್ಕಾಗಿ ನಮ್ಮಲ್ಲಿ ನಡೆಯುತ್ತಿತ್ತು. ಸ್ವಾಬ್ ಎಂದರೆ ತುದಿಯಲ್ಲಿ ನಯವಾದ ಎಳೆಗಳಿರುವ ತೆಳು ಕಡ್ಡಿ. ಅದು ಹೊಳ್ಳೆಯಲ್ಲೇ ನಿಲ್ಲಬಾರದು. ಮೂಗಿನ ಹಿಂದಿನ ಗೋಡೆ ಮುಟ್ಟಿ ಒಂದು ಸುತ್ತು ತಿರುಗಬೇಕು. ಕಡ್ಡಿ ಹಾಕುವವನು ಟೆಕ್ನಿಷಿಯನ್ ಲೋಕೇಶ. ಕೂಸನ್ನು ಬಟ್ಟೆಯಲ್ಲಿ ಸುತ್ತಿ, ತಲೆ ಅಲುಗಾಡದಂತೆ ಎರಡು ಅಂಗೈ ನಡುವೆ ಹಿಡಿಯುವವಳು ನಾನು. ಸಡಿಲ ಬಿಟ್ಟರೆ ಕೂಸು ಕೊಸರುತ್ತದೆ, ಕಡ್ಡಿ ಅರ್ಧಕ್ಕೇ ಆಚೆ ಬರುತ್ತದೆ. ತಾಯಂದಿರು ನನ್ನನ್ನು ಕಟುಕಿ ಅನ್ನುತ್ತಿದ್ದರು. ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿದೆ ಎಂದು ಲೋಕೇಶ ನಗುತ್ತಿದ್ದ.

ಒಂದು ಬೆಳಿಗ್ಗೆ ನನ್ನ ತಂಗಿ ಸುಮ ತನ್ನ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ಅವಳನ್ನು ಕೊಟ್ಟಿರುವುದು ಬನ್ನೂರಿಗೆ. ಅಕ್ಕ ಕೆಲಸ ಮಾಡುವ ಆಸ್ಪತ್ರೆ ಎಂಬ ನೆಚ್ಚಿಕೆಯಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಜೊತೆಗೆ ಅವಳ ಅತ್ತೆ. ಕೂಸಿನ ಎದೆ ಮೇಲೆ ಎಣ್ಣೆ ಸವರಿ ಬಿಸಿ ಮಾಡಿದ ವೀಳ್ಯದೆಲೆ ಇನ್ನೂ ಅಂಟಿಕೊಂಡಿತ್ತು.

"ಇಷ್ಟಕ್ಕೇ ವಾಸಿಯಾಗೋದು ಇದು. ನಿನ್ ತಂಗಿಗೆ ಬಸ್ಸು ಅತ್ತೋ ಚಪಲ," ಅಂದರು ಅತ್ತೆ.

ಡಾಕ್ಟರಮ್ಮ ಉಸಿರು ಎಣಿಸಿ ಅಡ್ಮಿಟ್ ಮಾಡಿಸಿದರು. ಸ್ವಾಬ್‌ಗೆ ಸುಮ ಒಪ್ಪಿದಳು. ನಾನು ಕೂಸನ್ನು ಸುತ್ತಿ ತಲೆ ಹಿಡಿದೆ. ಕಡ್ಡಿ ಒಳಕ್ಕೆ ಹೋಗುತ್ತಿದ್ದಂತೆ ಕೂಸು ಉಸಿರು ಕಟ್ಟಿ ಅತ್ತಿತು.

"ಸಾಕು ಬುಡಕ್ಕ, ನಿನ್ ಕಾಲಿಗ್ ಬೀಳ್ತೀನಿ," ಅಂದಳು ಸುಮ.

ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಬೇರೆ ಯಾರ ಕೂಸಿಗೂ ಸಡಿಲವಾಗದ ನನ್ನ ಕೈ ಅವತ್ತು ಸಡಿಲವಾಯಿತು. ಕೂಸು ತಲೆ ಹೊರಳಿಸಿತು. ಕಡ್ಡಿ ಹೊಳ್ಳೆ ಸವರಿಕೊಂಡು ಆಚೆ ಬಂತು.

ಆ ಗಡಿಬಿಡಿಯಲ್ಲಿ ಕಡ್ಡಿ ತಾಗಿತೋ ಇಲ್ಲವೋ ತಿಳಿಯದೆ ಲೋಕೇಶ ನನ್ನ ಮುಖ ನೋಡಿದ. "ಸರಿಯಾಗಿ ಹೋಯ್ತಾ?"

"ಹೋಯ್ತು, ಹಾಕ್ಕೊ," ಅಂದೆ. ಅವನು ನನ್ನ ಮಾತು ನಂಬಿ ಕಡ್ಡಿಯನ್ನು ಟ್ಯೂಬಿಗೆ ಇಳಿಸಿದ.

ಮಾರನೇ ದಿನ ಲ್ಯಾಬಿನಿಂದ ಫಲಿತಾಂಶ ಬಂತು. ವೈರಸ್ ತೀರಾ ಕಡಿಮೆ. ಡಾಕ್ಟರಮ್ಮ ಅದಕ್ಕೆ ಬೆಲೆ ಕೊಡಲಿಲ್ಲ. "ಈ ಅಂಕಿ ನಮ್ಮ ಅಧ್ಯಯನಕ್ಕೆ. ನಾನು ನೋಡೋದು ಉಸಿರು. ಇನ್ನೂ ಎರಡು ದಿನ ಇರಲಿ," ಅಂದರು. ಅವರು ಅತ್ತ ಹೋದ ಮೇಲೆ ಅತ್ತೆ ನನ್ನನ್ನು ಹಿಡಿದುಕೊಂಡರು.

"ನೀನು ಒಳಗಿನವಳು. ನಿಜ ಏಳು, ಎಂಗದೆ?"

"ವೈರಸ್ಸು ಕಮ್ಮಿ ಅದೆ ಕಣಮ್ಮ. ಭಯ ಇಲ್ಲ."

ಆ ಕಡ್ಡಿ ಮುಟ್ಟಬೇಕಾದ ಜಾಗ ಮುಟ್ಟಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಆದರೂ ಹಾಗಂದೆ. ನನಗೂ ಆ ಅಂಕಿಯನ್ನು ನಂಬುವ ಆಸೆಯಿತ್ತು. ಸಂಜೆಯೊಳಗೆ ಅತ್ತೆ, ಸುಮ ಇಬ್ಬರೂ ಸ್ವಂತ ಜವಾಬ್ದಾರಿ ಎಂದು ಸಹಿ ಮಾಡಿ, ಕೂಸನ್ನು ಎತ್ತಿಕೊಂಡು ಬನ್ನೂರು ಬಸ್ಸು ಹತ್ತಿದರು.

ಮೂರನೇ ದಿನ ಕೂಸು ಆಂಬುಲೆನ್ಸಿನಲ್ಲಿ ವಾಪಸು ಬಂತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಜಗ್ಗುತ್ತಿತ್ತು, ತುಟಿ ನೇರಳೆಯಾಗಿತ್ತು. ಆಕ್ಸಿಜನ್ ಹಾಕಿದರು. ಅತ್ತೆ ವಾರ್ಡಿನ ಬಾಗಿಲಲ್ಲೇ ನಿಂತು ಶುರುಮಾಡಿದರು. "ಮೂಗಿಗೆ ಕಡ್ಡಿ ಆಕಿ ಕೂಸು ಕೆಡಿಸಿದ್ರು. ಯಾರೂ ಆಕಿಸ್ಕೋಬ್ಯಾಡ್ರವ್ವಾ." ಇಬ್ಬರು ತಾಯಂದಿರು ಆಗಲೇ ತಮ್ಮ ಕೂಸನ್ನು ಸೆರಗಿನೊಳಗೆ ಎಳೆದುಕೊಂಡರು.

ಆಗ ನಾನು ಬಾಯಿ ಬಿಟ್ಟೆ. ಅದಕ್ಕೆ ಧೈರ್ಯ ಅನ್ನುವುದಿಲ್ಲ, ಸಿಟ್ಟು ಬಂದಿತ್ತು. "ಕಡ್ಡಿ ಒಳಕ್ಕೇ ಹೋಗಲಿಲ್ಲ ಕಣಮ್ಮ, ಇನ್ನೆಲ್ಲಿ ಕೆಡಿಸ್ತದೆ? ಕೈ ಬಿಟ್ಟೋಳು ನಾನು. ಭಯ ಇಲ್ಲ ಅಂತ ಸುಳ್ಳು ಹೇಳ್ದೋಳೂ ನಾನು. ಬೈಯೋದಾದ್ರೆ ನನ್ನ ಬೈಯಿರಿ."

ಸುಮ ನನ್ನನ್ನು ನೋಡಿದಳು. ಆಮೇಲೆ ಕೂಸಿನ ಕಡೆಗೆ ತಿರುಗಿಕೊಂಡಳು. ಅವಳು ಹೊಡೆದಿದ್ದರೆ ವಾಸಿಯಿತ್ತು.

ನಮ್ಮ ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದ. "ಹೋಗಿದ್ದು ಹೋಯ್ತು, ಬಾಯಿ ಮುಚ್ಕೊಂಡಿರು. ಗುತ್ತಿಗೆ ಕೆಲಸ ನಿಂದು."

"ಆ ಅಂಕಿ ಸುಳ್ಳು ಸಾ. ತೆಗೆಸಿ. ಇಲ್ಲಾಂದ್ರೆ ನಾನೇ ಡಾಕ್ಟರಮ್ಮಂಗೆ ಹೇಳ್ತೀನಿ."

ಅವನು ತೆಗೆಸಲಿಲ್ಲ, ನಾನು ಹೇಳಿದೆ. ಡಾಕ್ಟರಮ್ಮ ಲ್ಯಾಬಿಗೆ ಫೋನ್ ಮಾಡಿದರು. ಆ ಸ್ಯಾಂಪಲ್ಲಿನಲ್ಲಿ ಮಗುವಿನ ಜೀವಕೋಶಗಳೇ ಸರಿಯಾಗಿ ಸಿಕ್ಕಿರಲಿಲ್ಲವಂತೆ. ಕಡ್ಡಿ ಸರಿಯಾಗಿ ತಾಗಿದ್ದರೆ ವೈರಸ್ ಜೊತೆಗೆ ಅವೂ ಬರಬೇಕು. ಅವರು ನನ್ನನ್ನು ಬೈಯಲಿಲ್ಲ. "ಇನ್ನೊಂದು ಸ್ವಾಬ್ ಬೇಕು. ತಾಯಿ ಒಪ್ಪಿದರೆ ಮಾತ್ರ," ಅಂದರು.

ಕೂಸು ಆಕ್ಸಿಜನ್ನಿನಲ್ಲಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಸುಮಳನ್ನು ಕೇಳಿದರು. ಅತ್ತೆ ಬೇಡವೆಂದು ಕೈ ಆಡಿಸುತ್ತಿದ್ದರು. ಸುಮ ಒಪ್ಪಿದಳು. ತಲೆ ಹಿಡಿಯಲು ಬೇರೆ ಆಯಾ ಮುಂದೆ ಬಂದಾಗ ಸುಮ ನನ್ನತ್ತ ಕೈ ತೋರಿಸಿ ಅಂದಳು, "ಬ್ಯಾಡ. ಅವಳೇ ಇಡ್ಕೊಳ್ಳಲಿ. ಬುಡ್ತಾಳೇನೋ ನೋಡ್ತೀನಿ."

ಹಿಡಿದೆ. ಕೂಸು ಕಿರುಚಿತು. ಸುಮಳ ಬಾಯಿಂದ ಮತ್ತೆ ಅದೇ ಮಾತು ಬಂತು. "ಬುಡಕ್ಕ." ನಾನು ಬಿಡಲಿಲ್ಲ. ಲೋಕೇಶ ಕಡ್ಡಿ ತಿರುಗಿಸಿ ಆಚೆ ತೆಗೆಯುವವರೆಗೆ ಬಿಡಲಿಲ್ಲ. ಈ ಸಲ ವೈರಸ್ ಹೇರಳವಾಗಿ ಬಂತು. ಮೊದಲ ಅಂಕಿಯನ್ನು ಹೊಡೆದುಹಾಕಿದರು.

ಕೂಸು ಉಳಿಯಿತು. ಈಗ ಬನ್ನೂರಿನ ಅಂಗನವಾಡಿಯಲ್ಲಿ ಬೇರೆ ಮಕ್ಕಳ ಜುಟ್ಟು ಎಳೆಯುತ್ತದೆ. ಸುಮ ಹಬ್ಬಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ. ಮಗಳಿಗೆ ಜ್ವರ ಬಂದರೆ ಮಾತ್ರ ನನ್ನನ್ನು ಕೇಳುವುದಿಲ್ಲ, ನೇರ ಡಾಕ್ಟರಮ್ಮನಿಗೆ ಫೋನ್ ಮಾಡುತ್ತಾಳೆ. ಅದು ಸರಿಯೇ.

ಕೆಲಸ ಉಳಿಯಿತು. ಈಗಲೂ ತಲೆ ಹಿಡಿಯುತ್ತೇನೆ. ಅಳುವ ಕೂಸು ಕಂಡರೆ ಕರುಣೆಯಿಲ್ಲವೇ ಎಂದು ಹೊಸ ತಾಯಂದಿರು ಕೇಳುತ್ತಾರೆ. ಕರುಣೆ ತೋರಿಸಿ ನೋಡಿದ್ದೇನೆ. ಅದಕ್ಕೇ "ಇನ್ನೊಂಚೂರು ಬೈಕೊಳವ್ವ, ಮುಗೀತಾ ಬಂತು" ಅನ್ನುತ್ತೇನೆ, ಕೈ ಮಾತ್ರ ಸಡಿಲಿಸುವುದಿಲ್ಲ.