ಕಾಕಾನ ಪಿಟೀಲಿಗೆ ನನ್ನ ಮೂರು ಕಾರ್ಡು

ಮೊನ್ನೆ ಗದಗಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ರಾಳದ ವಾಸನೆ. ಫೋನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತಿದ್ದ ನಮ್ಮ ಓಣಿಯ ಕಾಕಾ ನೆನಪಾಗಿದ್ದರು...

ಬೆಟಗೇರಿಯಲ್ಲಿ ನಮ್ಮ ಎದುರು ಮನೆ ಅವರದು. ಮುಂಬೈ ಹೋಟೆಲುಗಳಲ್ಲಿ ಪಿಟೀಲು ನುಡಿಸಿ, ವಯಸ್ಸಾದ ಮೇಲೆ ಊರಿಗೆ ಮರಳಿದ್ದರು. ಯುರೋಪಿನ ಜಿಪ್ಸಿಗಳು ಪಿಟೀಲು, ಗಿಟಾರುಗಳಲ್ಲಿ ನುಡಿಸುವ ಜಿಪ್ಸಿ ಜಾಝ್ ಎಂದರೆ ಅವರಿಗೆ ಹುಚ್ಚು. ನಮ್ಮೂರಲ್ಲಿ ತಬಲಾದವರಿಗೆ ಬರವೇ? ಆದರೆ ಆ ಸಂಗೀತದಲ್ಲಿ ಲಯ ಹಿಡಿಯುವುದು ಗಿಟಾರು. ಕಾಲೇಜು ಮುಗಿಸಿ ಮನೆಯಲ್ಲಿದ್ದ ನನ್ನ ಕೈಗೆ ಒಂದು ಗಿಟಾರು ಕೊಟ್ಟರು.

"ಜಲ್ದಿ ಕಲೀಬೇಕು ನೋಡ್ ತಂಗಿ. ಒಂದ್ ಕಿವಿ ಹೋಗೇತಿ. ಇನ್ನೊಂದು ಇರೂದ್ರಾಗ ನಿನ್ನ ಜೋಡಿ ಒಮ್ಮೆ ನುಡಿಸಬೇಕು."

ಎ ಮೈನರ್, ಡಿ ಮೈನರ್, ಇ ಸೆವೆನ್, ಮತ್ತೆ ಎ ಮೈನರ್. ಹೇಳಲಿಕ್ಕೆ ಇಷ್ಟೇ, ಮೂರು ಕಾರ್ಡು, ಅಂದರೆ ಹಲವು ತಂತಿ ಒಟ್ಟಿಗೆ ಮೀಟುವ ಮೂರು ಸ್ವರಗುಚ್ಛ. ನಾನೋ ತಂಬೂರಿಯ ಮುಂದೆ ಹಾಡಿ ಬೆಳೆದವಳು. ಷಡ್ಜ ಅಲುಗಬಾರದು ಎಂಬುದು ಮೈಗೆ ಹತ್ತಿತ್ತು. ಎಡಗೈ ಕಾರ್ಡು ಬದಲಿಸಿದರೂ ಬಲಗೈ ಹಳೆಯ 'ಸಾ' ತಂತಿಯನ್ನೇ ಮೀಟುತ್ತಿತ್ತು. ಒಂದು ಬಿಟ್ಟು ಒಂದು ಹೊಡೆತಕ್ಕೆ ಬೆರಳು ಸಡಿಲಿಸಿ ನಾದವನ್ನು ಕತ್ತರಿಸಬೇಕು. ನಾನು ಅದನ್ನು ಗುಂಯ್ ಎಂದು ಉಳಿಸುತ್ತಿದ್ದೆ.

"ಸಾ ಬಿಟ್ಟು ಬಾ ಅಂದ್ರ ತವರುಮನಿ ಬಿಡೋರಂಗ ಮಾಡ್ತೀಯಲ್ಲಬೇ," ಎಂದು ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಅವರ ಮನೆಯ ಟಿವಿ ಸದ್ದು ವಾರವಾರಕ್ಕೂ ಏರುತ್ತಿತ್ತು, ಇನ್ನೊಂದು ಕಿವಿಯೂ ಹೋಗುತ್ತಿದೆ ಎಂದೇ ಲೆಕ್ಕ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಬೆರಳು ಕಾರ್ಡು ಹುಡುಕುತ್ತಿದ್ದವು. ಅವ್ವ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡಿದ್ದಳು.

ಒಂದು ಮುಂಜಾನೆ ಅವರ ಮನೆಯ ಕಟ್ಟೆಯ ಮೇಲೆ ಕೂತಾಗ, ಹೇಗೋ ಏನೋ... ಮೂರೂ ಕಾರ್ಡಿನ ಲಯ ಸುತ್ತಿನ ಮೇಲೆ ಸುತ್ತು, ಎಲ್ಲೂ ಮುರಿಯದೆ ಬಂತು. ಖುಷಿಯಿಂದ ತಲೆ ಎತ್ತಿದೆ. ಕಾಕಾ ಪಿಟೀಲು ಹೆಗಲಿಗಿಟ್ಟು ನನ್ನ ಮುಖ ನೋಡುತ್ತ ಕಾಯುತ್ತಿದ್ದರು.

"ಸುರು ಮಾಡ್ ತಂಗಿ," ಎಂದರು.

ಇಷ್ಟು ಹೊತ್ತು ನುಡಿಸಿದ್ದು ಅವರಿಗೆ ಮುಟ್ಟಿರಲೇ ಇಲ್ಲ. ಹತ್ತಿರ ಸರಿದು, ಗಿಟಾರಿನ ಮೈಯನ್ನು ಅವರ ಮೊಣಕಾಲಿಗೆ ಒತ್ತಿ ಮತ್ತೆ ನುಡಿಸಿದೆ. ಮರದ ಅದುರು ಸಿಕ್ಕಿರಬೇಕು, ಕಮಾನು ಎದ್ದಿತು. ಪಿಟೀಲಿನ ಸ್ವರ ಅಲ್ಲಲ್ಲಿ ಜಾರಿತು, ಲಯ ಜಾರಲಿಲ್ಲ.

ಮುಗಿದ ಮೇಲೆ ನನ್ನನ್ನೇ ಕೇಳಿದರು, "ಹೆಂಗಿತ್ತು?"

ನಾನು ತಲೆ ಆಡಿಸಿದೆ. ಅದಕ್ಕಿಂತ ಹೆಚ್ಚು ಹೇಳಿದರೂ ಅವರಿಗೆ ಕೇಳುತ್ತಿರಲಿಲ್ಲ.

ಕಾಕಾ ಹೋಗಿ ವರ್ಷಗಳಾದವು. ಈಗ ನನ್ನ ಕೈ ಎಡವುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಲಯ ಹಿಡಿಯಬಲ್ಲೆ. ಅದರ ಮೇಲೆ ಪಿಟೀಲು ನುಡಿಸುವವರು ಮಾತ್ರ ಈ ಊರಿನಲ್ಲಿ ಯಾರೂ ಇಲ್ಲ.