ಹೆಸರು ಬರೆಯದ ದಿಬ್ಬ

ಮೊದಲ ಮಾತುಕತೆಯನ್ನು ಗೊತ್ತುಮಾಡಿದವಳು ಪುಟ್ಟಮಾದುವಿನ ಹೆಂಡತಿ ಮರಿತಾಯಮ್ಮ. ಹಾಳೂರುಗಳ ಹೆಸರು ಸಂಗ್ರಹಿಸಲು ಮೈಸೂರಿನಿಂದ ಬಂದವರನ್ನು ಗಂಡ ಎರಡು ಸಲ ಏನೂ ಹೇಳದೆ ತೆರಕಣಾಂಬಿಯ ಬಸ್ಸಿಗೆ ಹತ್ತಿಸಿ ಕಳಿಸಿದ್ದ. ಮೂರನೆಯ ಸಲ ಅವಳೇ ಅಡ್ಡ ಬಂದಳು.

"ಮಾವ ಓದ್ಮ್ಯಾಕೆ ಆ ಊರ್ನೆಸ್ರು ಬಲ್ಲೋನು ನೀನೊಬ್ನೆ. ನಿನ್ ಜೊತೆಗೇ ಮಣ್ಣಾಗ್ಲಾ ಅದೂವೆ? ಏಳ್ಬುಡು."

ಅವನು ಒಂದು ಕರಾರು ಹಾಕಿದ: ಮಾತು ಸೂರಿನಡಿ ಬೇಡ, ನಡುಹಗಲಲ್ಲಿ, ಬಯಲಲ್ಲಿ ಆಗಬೇಕು. ರೋಗ ಬಡಿದು ಮಾರಿಗೆ ಬಿಟ್ಟ ಊರನ್ನು ತಿರುಗಿ ನೋಡಬಾರದು, ಅದರ ಹೆಸರೆತ್ತಬಾರದು. ಎತ್ತಿದವರ ಮನೆಗೇ ಮಾರಿ ಬರುತ್ತಾಳೆಂಬುದು ಅವನ ಕಡೆಯವರ ನಂಬಿಕೆ. ಅವನಿಗೆ ಮೂವರು ಮಕ್ಕಳು.

ಎರಡು ವರ್ಷದ ಕೆಳಗೆ ನಕ್ಷೆ ತೆಗೆಯುವವರು ಆ ಸೀಮೆಯಲ್ಲಿ ಡೇರೆ ಹಾಕಿದಾಗ ಪುಟ್ಟಮಾದು ಅವರ ಬಾವುಟದ ಆಳಾಗಿದ್ದ. ಸಾಹೇಬರು ತೋರಿಸಿದಲ್ಲಿ ಬಾವುಟದ ಕೋಲು ಹಿಡಿದು, ಅವರತ್ತಲೇ ಮುಖಮಾಡಿ, ಕೈಸನ್ನೆಯಾಗುವವರೆಗೆ ಮಿಸುಕದೆ ನಿಲ್ಲುವುದು ಕೆಲಸ. ಮೈಲಿಗೊಂದು ಮನೆಯೂ ಕಾಣದ ಆ ಬಯಲಲ್ಲಿ ಒಂದು ದಿನ ಅವರು ಬೆರಳು ಮಾಡಿದ್ದು ಕಾರೆಮುಳ್ಳು ಮುಚ್ಚಿದ ಕಲ್ಲುದಿಬ್ಬಕ್ಕೆ.

ಅವನು ಹುಟ್ಟಿದ ಊರು ಅದು. ಅವನಿಗೆ ಐದು ವರ್ಷವಾಗಿದ್ದಾಗ ವಾಂತಿಭೇದಿ ಬಡಿದು ಊರು ಬರಿದಾಯಿತು. ಅಪ್ಪ ಅವನನ್ನು ಹೆಗಲಿಗೇರಿಸಿಕೊಂಡು ಹೊರಟಾಗ, ಏಳಲಾರದ ತಾಯಿ ಒಳಗಿಂದ "ಮಾದೂ, ಮಾದೂ" ಎಂದು ಕೂಗುತ್ತಲೇ ಇದ್ದಳು.

"ತಿರುಗ್ಬ್ಯಾಡ ಕಣ್ಲಾ" ಎಂದಿದ್ದ ಅಪ್ಪ.

ಈಗ ಬಾವುಟದ ಕೋಲು ಹಿಡಿದು ಅದೇ ಮನೆಯ ಹೊಸ್ತಿಲ ಕಲ್ಲಿಗೆ ಬೆನ್ನು ಕೊಟ್ಟು ನಿಂತ. ಎಲೆ ಅಲುಗದ ಬಿಸಿಲು. ಬೆನ್ನ ಹಿಂದೆ ಅದೇ ಕೂಗು. ಕೋಲು ವಾಲಿತು.

"ಯಾಕ್ಲಾ, ದೆವ್ವ ಮೆಟ್ಕತಾ? ನೆಟ್ಟಗಿಡ್ಲಾ!" ಎಂದು ಅಳತೆಯ ಸರಪಳಿ ಹಿಡಿದಿದ್ದ ಲಿಂಗಯ್ಯ ದೂರದಿಂದ ನಕ್ಕ.

ತಿರುಗಿದರೆ ಸಾಹೇಬರ ಗೆರೆ ಕೆಡುತ್ತದೆ. ತಿರುಗದಿದ್ದರೆ ಅವ್ವನನ್ನು ಎರಡನೆಯ ಸಲ ಬಿಟ್ಟು ಹೋದಂತೆ. ಪುಟ್ಟಮಾದು ತಿರುಗಲಿಲ್ಲ.

ಕೆಲಸ ಮುಗಿದ ಮೇಲೆ ಸಾಹೇಬರು ಕೇಳಿದರು: "ಈ ಊರಿಗೆ ಏನಯ್ಯ ಹೆಸರು?"

"ಎಸ್ರಿಲ್ಲ ಬುದ್ಧಿ."

ಅವರು ಹಾಳೆಯ ಮೇಲೆ ಹಾಳೂರು ಎಂದಷ್ಟೇ ಬರೆದುಕೊಂಡರು. ಅಂದಿನಿಂದ ಅವನ ಬೆನ್ನ ಹಿಂದೆ ತೆರಪು ಉಳಿದಲ್ಲೆಲ್ಲ ಆ ಕೂಗು. ಉಣ್ಣುವಾಗಲೂ ಗೋಡೆಗೆ ಒರಗಿಯೇ ಕೂರುತ್ತಿದ್ದ.

ಮಾತುಕತೆಗೆ ಗೊತ್ತುಮಾಡಿದ ದಿನ ಬಯಲಲ್ಲಿ ಒರಗಲು ಗೋಡೆಯಿರಲಿಲ್ಲ. ಮೈಸೂರಿನವರ ಎದುರು ನೆಲದ ಮೇಲೆ ಕೂತ. ಕಡೆಗೆ ಎದ್ದು, ದಿಬ್ಬವಿದ್ದ ತೆಂಕಲಿಗೆ ಪೂರಾ ತಿರುಗಿ ನಿಂತು, ಊರಿನ ಹೆಸರು ಹೇಳಿದ. ತಾಯಿಯ ಹೆಸರನ್ನೂ ಹೇಳಿದ.

"ಬರ್ಕಳಿ ಬುದ್ಧಿ. ಮಾರಿ ಬಂದ್ರೆ ನನ್ನೊಬ್ಬನ್ತಾವ್ಕೇ ಬರ್ಲಿ."

ದಾಖಲಾದದ್ದು ಇಷ್ಟು: ಕಾರೆಮಾಳ. ನಕ್ಷೆಯಲ್ಲಿ ಹೆಸರಿಲ್ಲ. ಊರಲ್ಲಿ ಕೊನೆಗೆ ಉಳಿದವರು ಸಣ್ಣತಾಯಮ್ಮ. ಹೇಳಿದವರು ಅವರ ಮಗ ಪುಟ್ಟಮಾದು, ೧೯೫೯ನೇ ಇಸವಿ ಮಾರ್ಚ್ ೧೦, ಮಂಗಳವಾರ.