ಬೆರಳು ನೋಡುವ ಅಕ್ಕ

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ವರದಿ ಟೈಪು ಮಾಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪರದೆ ಆರಿಸಿದರೆ ಕಂಪ್ಯೂಟರೇ ಆರಿತು ಎಂದು ಆ ಹುಡುಗ ತಿಳಿದಿದ್ದ. ಸಂಜೆ ಪರದೆಯ ಗುಂಡಿ ಒತ್ತಿ, ಮೇಲೊಂದು ಬಟ್ಟೆ ಹೊದಿಸಿ, ಕರೆಂಟು ಉಳಿಸಿದ ಪುಣ್ಯ ಹೊತ್ತು ಮನೆಗೆ ಹೋಗುತ್ತಿದ್ದ. ಕಾಲ ಬುಡದ ಪೆಟ್ಟಿಗೆ ಗುರ್ರೆನ್ನುವುದು ಪಕ್ಕದ ಫ್ರಿಜ್ಜಿನ ಸದ್ದೆಂದು ಅವನ ನಂಬಿಕೆ. ರಕ್ತ ತೆಗೆಯುವ ಟೆಕ್ನಿಷಿಯನ್ ಇದನ್ನು ಕಂಡುಹಿಡಿದ ದಿನದಿಂದ ಅವನಿಗೆ ‘ಪಂಡಿತ’ ಎಂಬ ಬಿರುದು ಅಂಟಿಕೊಂಡಿತು.

ಆ ಪಂಡಿತ ಇವತ್ತು ಬೆಳಗ್ಗೆಯಿಂದ ಒಂದು ವರದಿಯನ್ನೂ ಟೈಪು ಮಾಡಿರಲಿಲ್ಲ. ಲ್ಯಾಬಿನ ಒಡತಿ ಡಾಕ್ಟರಮ್ಮನ ಮೇಲ್ ಖಾತೆಯನ್ನು ಯಾರೋ ಹೊರಗಿನಿಂದ ತೆರೆದಿದ್ದರು. “ಯಾರೂ ಏನೂ ಮುಟ್ಬೇಡಿ, ಅಕ್ಕ ಬರ್ತಾರೆ” ಎಂದು ಹೇಳಿ ಡಾಕ್ಟರಮ್ಮ ಒಳಕೋಣೆ ಸೇರಿದ್ದರು.

ಕಾರಣ ಗೊತ್ತಿದ್ದದ್ದು ಪಂಡಿತನೊಬ್ಬನಿಗೇ. ಎರಡು ವಾರದ ಹಿಂದೆ, ಮೇಲ್ಮಹಡಿಯ ಜಿಮ್ಮಿನ ವೈಫೈ ಕದ್ದು ಪುಕ್ಕಟೆಯಾಗಿ ಪಂದ್ಯ ನೋಡುವ ಆಸೆಗೆ, ಅವನೊಂದು ಹ್ಯಾಕಿಂಗ್ ಟೂಲ್ ಇಳಿಸಿಕೊಂಡಿದ್ದ. ಈ ಫೋಲ್ಡರನ್ನು ಮುಟ್ಟದಂತೆ ಆಂಟಿವೈರಸ್‌ಗೆ ಹೇಳಿಡಿ ಎಂದು ಆ ವೆಬ್ ಪುಟ ಸೂಚಿಸಿತ್ತು. ಹೇಳಿಟ್ಟ. ನಾಯಿ ಕಟ್ಟಿಹಾಕಿ ಎಂದು ಕಳ್ಳ ಕೇಳಿಕೊಂಡರೆ ಕಟ್ಟಿಹಾಕುವಷ್ಟು ವಿನಯ ಅವನದು. ಜಿಮ್ಮಿನ ವೈಫೈ ಸಿಗಲೇ ಇಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಮಾರಿ ಮಾತ್ರ ಮನೆಗೆ ಬಂದಿತ್ತು. ನೌಕರಿ ಕಾಯಂ ಆಗಲು ಒಂಬತ್ತು ದಿನ ಬಾಕಿ. ಸುದ್ದಿ ಗೊತ್ತಾದರೆ ಒಂಬತ್ತು ನಿಮಿಷವೂ ಉಳಿಯುವುದಿಲ್ಲ.

ಅಕ್ಕ ಎಂದರೆ ಆ ಬೀದಿಯ ಅಂಗಡಿ, ಕ್ಲಿನಿಕ್ಕುಗಳ ಕಂಪ್ಯೂಟರ್ ನೋಡಿಕೊಳ್ಳುವ, ಐವತ್ತು ದಾಟಿದ ಹೆಂಗಸು. ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದವರು. ಟೈಪ್‌ರೈಟರಿನ ಕಾಲ ಮುಗಿದಾಗ ಇದ್ದ ಹನ್ನೆರಡನ್ನೂ ಗುಜರಿಗೆ ಹಾಕಿ, ಹಳೆಯ ಕಂಪ್ಯೂಟರ್ ಒಂದನ್ನು ತಂದು, ಅಡುಗೆಮನೆಯ ನೆಲದ ಮೇಲೆ ಬಿಚ್ಚಿ ಹರವಿ ವಿದ್ಯೆ ಕಲಿತರು. ಆಗ ಗಂಡ ಸ್ಕ್ರೂ ತುಳಿದು ವಾರವಿಡೀ ಕುಂಟಿದರಂತೆ. “ಸ್ಕ್ರೂ ಸಿಕ್ತಲ್ಲ, ಬಿಡು” ಎಂದು ಅಕ್ಕ ಸಮಾಧಾನಪಟ್ಟರಂತೆ. ಅವರದೊಂದು ಪದ್ಧತಿ: ಯಾರ ಯಂತ್ರಕ್ಕೂ ತಾವು ಕೈ ಹಾಕುವುದಿಲ್ಲ. ದಿನಾ ಅದರ ಮುಂದೆ ಕೂರುವವರನ್ನೇ ಕೂರಿಸಿ, ಹಿಂದೆ ನಿಂತು ಮಾಡಿಸುತ್ತಾರೆ.

ಬಂದವರೇ ಮೊದಲು ಇಂಟರ್ನೆಟ್ಟಿನ ಕೇಬಲ್ ಕೀಳಿಸಿದರು. “ಕೂತ್ಕೋ ಪಂಡಿತ. ಕೈ ಯಾಕಪ್ಪಾ ನಡುಗ್ತಿದೆ?”

“ಎಸಿ ಜಾಸ್ತಿ, ಅಕ್ಕಾ.”

“ಅದು ಕೆಟ್ಟು ತಿಂಗಳಾಯ್ತಲ್ಲೋ” ಎಂದ ಟೆಕ್ನಿಷಿಯನ್, ಸಿರಿಂಜು ಎಣಿಸುತ್ತ.

ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆಸಿ ಅಕ್ಕ ಒಂದೊಂದೇ ಸಾಲು ಓದಿದರು. “ಇದೇನಿದು, ಪ್ರಿಂಟರ್‌ದು ಅಂತ ಹೆಸರಿಟ್ಕೊಂಡಿದೆ? ಈ ಕಂಪ್ಯೂಟರ್‌ಗೆ ಪ್ರಿಂಟರೇ ಇಲ್ವಲ್ಲ. ನಿಲ್ಸು.”

ನಿಲ್ಲಿಸಿದ. ನಿಮಿಷದೊಳಗೆ ಅದು ಮತ್ತೆ ಎದ್ದು ಕೂತಿತು.

“ಎಬ್ಬಿಸೋನು ಬೇರೆ ಇದಾನೆ” ಎಂದರು ಅಕ್ಕ. ಯಾವ ಹೊತ್ತಿಗೆ ಏನು ಶುರುವಾಗಬೇಕೆಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ವೇಳಾಪಟ್ಟಿ ತೆಗೆಸಿದರು. ಅಲ್ಲೂ ಅದೇ ಹೆಸರು. ಅಳಿಸಿ, ಇನ್ನೊಮ್ಮೆ ನಿಲ್ಲಿಸಿದಾಗ ಅದು ಏಳಲಿಲ್ಲ.

“ಈಗ ಅದರ ಫೋಲ್ಡರ್ ಹುಡುಕ್ಬೇಕು. ಎಲ್ಲಿ ಅಡಗಿದೆಯೋ, ನಂಗೂ ಗೊತ್ತಿಲ್ಲ.”

ಬೇಗ ಮುಗಿದರೆ ಸಾಕೆಂಬ ಅವಸರದಲ್ಲಿ ಅವನ ಕೈ ಹೊರಟಿತು. ಒಂದರೊಳಗೊಂದು ನಾಲ್ಕು ಫೋಲ್ಡರು, ಎಲ್ಲೂ ತಡವರಿಸದೆ. ಐದನೆಯದರ ಮೇಲೆ ಬಾಣದ ಗುರುತು ನಿಂತಾಗಲೇ ಅವನಿಗೆ ಎಚ್ಚರವಾದದ್ದು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡು ಸಿಕ್ಕಿಬೀಳುವುದನ್ನು ಕೇಳಿದ್ದ; ಮೌಸ್ ಮುಟ್ಟಿಯೂ ಸಿಕ್ಕಿಬೀಳಬಹುದೆಂದು ತಿಳಿದಿರಲಿಲ್ಲ. ಟೈಪಿಂಗ್ ಕಲಿಸಿದವರು ಮುಖ ನೋಡುವುದಿಲ್ಲ, ಬೆರಳು ನೋಡುತ್ತಾರೆ.

“ಅದನ್ನೂ ತೆಗಿ” ಎಂದರು ಅಕ್ಕ.

ಫೋಲ್ಡರಿನೊಳಗೆ ಒಂದು ಕಡತವಿತ್ತು. ಆ ಕೀಲಿಮಣೆಯಲ್ಲಿ ಒತ್ತಿದ್ದೆಲ್ಲ, ಲ್ಯಾಬಿನ ನೆಟ್‌ವರ್ಕಿನಲ್ಲಿ ಸಿಕ್ಕಿದ್ದೆಲ್ಲ ಅದರಲ್ಲಿ ಸಾಲುಸಾಲಾಗಿ ಬಿದ್ದಿತ್ತು: ಡಾಕ್ಟರಮ್ಮನ ಪಾಸ್‌ವರ್ಡ್, ಟೆಕ್ನಿಷಿಯನ್ನನ ಪಾಸ್‌ವರ್ಡ್, ರೋಗಿಗಳ ಹೆಸರು, ಫೋನ್ ನಂಬರು. ಅವನಿಗೆ ಮೊದಲ ಸಲ ನೌಕರಿಯ ಚಿಂತೆ ಮರೆತು ಬೇರೆಯೇ ದಿಗಿಲು ಹತ್ತಿತು.

“ಕಡತದ ಒಂದು ಪ್ರತಿ ಇಟ್ಕೋ, ಏನೇನು ಹೋಗಿದೆ ಅಂತ ಡಾಕ್ಟರಮ್ಮಂಗೆ ಗೊತ್ತಾಗ್ಬೇಕು. ಮಿಕ್ಕಿದ್ದು ಅಳಿಸು” ಎಂದರು ಅಕ್ಕ. ಅಳಿಸಿದ. ಆಂಟಿವೈರಸ್‌ನಲ್ಲಿ ಆ ಫೋಲ್ಡರಿಗೆ ಕೊಟ್ಟಿದ್ದ ವಿನಾಯಿತಿಯನ್ನು ಅವರು ಹೇಳುವ ಮೊದಲೇ ತೆಗೆದ, ಇನ್ನು ಮುಚ್ಚಿಡುವುದೇನಿತ್ತು. ಅಕ್ಕ ತಮ್ಮ ಪೆನ್‌ಡ್ರೈವಿನಲ್ಲಿದ್ದ ವೈರಸ್ ಹುಡುಕುವ ಪ್ರೋಗ್ರಾಮಿನಿಂದ ಇಡೀ ಯಂತ್ರದ ತಪಾಸಣೆ ಮಾಡಿಸಿ, ಮತ್ತೆ ಶುರುಮಾಡಿಸಿ, ಇನ್ನೊಮ್ಮೆ ತಪಾಸಣೆ ಮಾಡಿಸಿದರು. ಏನೂ ಸಿಗಲಿಲ್ಲ.

ಒಳಕೋಣೆಯ ಬಾಗಿಲು ತೆರೆಯಿತು. ಡಾಕ್ಟರಮ್ಮ ಅಕ್ಕನನ್ನು ನೋಡಿದರು, ಅವನನ್ನು ನೋಡಿದರು.

“ಯಾರು ಅಕ್ಕಾ ಇದನ್ನ ಹಾಕಿದ್ದು? ಹೊರಗಿನವ್ರಾ, ನಮ್ಮವ್ರಾ?”

ಅವನು ಪೆನ್‌ಡ್ರೈವ್ ಕಿತ್ತು ಅಕ್ಕನ ಕೈಗಿಟ್ಟ. ಅಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡರು.

“ಇವನೇ. ತೆಗೆದದ್ದೂ ಇವನೇ. ಮೊದ್ಲು ಬೇರೆ ಫೋನಿಂದ ಎಲ್ಲ ಪಾಸ್‌ವರ್ಡ್ ಬದಲಾಯ್ಸಿ, ರೋಗಿಗಳಿಗೆ ವಿಷಯ ತಿಳ್ಸಿ. ಆಮೇಲೆ ಬೈಯೋರಂತೆ.”